ಬಳ್ಳಿಯ ಗಂಡುಹೂ, ಬಳ್ಳಿಯ ಹೆಣ್ಣುಹೂ

ಕಳೆದ ಆಷಾಢಮಾಸದಲ್ಲಿ ನಾವು ಮುಳಬಾಗಿಲ ಕಡೆಯ ಬಂಧುಗಳೊಬ್ಬರ ಮನೆಗೆ ಹೋಗಿ ಮೂರು ದಿನ ಅಲ್ಲಿ ನಿಂತೆವು. ಆ ಮನೆಯ ಹಿತ್ತಿಲಿನಲ್ಲಿ, ನೀರು ಬತ್ತಿಹೋದ ಹಳೆಯ ಬಾವಿಯ ಮಗ್ಗುಲಲ್ಲಿ, ಒಂದು ಸಿಹಿಗುಂಬಳದ ಬಳ್ಳಿಯು ಗೋಡೆಯನ್ನೇರಿ, ಬಚ್ಚಲುಮನೆಯ ಹೆಂಚನ್ನು ಮುಚ್ಚಿ, ನೆರೆಮನೆಯ ಕಡೆಗೂ ಕುಡಿ ಚಾಚಿಕೊಂಡಿದ್ದಿತು. ಬೆಳಗಿನ ಹೊತ್ತು ಹಳದಿಯ ಹೂಗಳು ಅದರ ತುಂಬ ಅರಳಿ ನಿಂತಿದ್ದುವು. ನಾವು ಅದನ್ನು ನೋಡಿ ಸಂತೋಷಪಡುತ್ತಿರಲಾಗಿ ಮನೆಯ ಯಜಮಾನಿಯು ಹೊರಗೆ ಬಂದು, “ಭಾವನವರೇ, ಹೂವನ್ನು ನೋಡಿ ಮೆಚ್ಚಬೇಡಿ. ಹದಿನೈದು ದಿನದಿಂದ ಹೀಗೆಯೇ ಬಿಡುತ್ತಿದೆ. ಒಂದು ಹೀಚಾದರೂ ನಿಂತಿದ್ದರೆ ಕೇಳಿ! ಗೊಡ್ಡು ಬಳ್ಳಿ. ಇದಕ್ಕೆ ಹಾಕುವ ನೀರು ದಂಡ. ನಾಳೆ ಆಳಿನ ಕೈಯಲ್ಲಿ ಕೀಳಿಸಿಬಿಡುತ್ತೇನೆ” ಎಂದರು.

ಆಕೆ ಒಳ್ಳೆಯ ಮನಸ್ಸಿನವರು. ಮಾತು ಮಾತ್ರ ಸ್ವಲ್ಪ ಬಿರುಸು. ಅವರ ಸೊಸೆಯು ಅದೇ ಹೊತ್ತಿಗೆ ಕೊಡವನ್ನು ಹಿಡಿದು ಹೊಸ್ತಿಲ ಬಳಿ ನಿಂತಿದ್ದಳು. ಮದುವೆಯಾಗಿ ಆರು ವರ್ಷಗಳಾದರೂ ಆ ಮನೆಯಲ್ಲಿ ಇನ್ನೂ ತೊಟ್ಟಿಲು ತೂಗಿಲ್ಲ. “ಗೊಡ್ಡು” ಎಂಬ ಮಾತು ಕಿವಿಗೆ ಬಿದ್ದೊಡನೆ ಆ ಹುಡುಗಿಯು ತಲೆ ತಗ್ಗಿಸಿ ಒಳಗೆ ಹೊರಟುಹೋದಳು. ಆ ಮಾತನ್ನು ಬಳ್ಳಿಗೆ ಆಡಿದ್ದೇ ಹೊರತು ಅವಳಿಗಲ್ಲವೆಂಬುದು ನಮಗೆ ಗೊತ್ತು, ಅವಳಿಗೂ ಗೊತ್ತಿದ್ದಿರಬಹುದು. ಆದರೂ ಕೆಲವು ಮಾತುಗಳು ಎತ್ತ ಎಸೆದರೂ ಒಂದೇ ಕಡೆ ಹೋಗಿ ತಾಗುವುವು.

ನಾವು ಆಗ ಏನನ್ನೂ ಹೇಳಲಿಲ್ಲ. “ಬಳ್ಳಿಯನ್ನು ಇನ್ನೆರಡು ದಿನ ಇರಗೊಡಿಸಮ್ಮ, ನಾಳೆ ಬೆಳಿಗ್ಗೆ ಅದರ ಜಾತಕವನ್ನು ನೋಡೋಣ” ಎಂದಷ್ಟೇ ಹೇಳಿದೆವು. ಮರುದಿನ ಸೂರ್ಯೋದಯಕ್ಕೆ ಎದ್ದು, ಒಂದು ಹೊಸ ಬ್ಲೇಡನ್ನೂ ಒಂದು ಭೂತಗನ್ನಡಿಯನ್ನೂ ತೆಗೆದುಕೊಂಡು, ಅತ್ತೆ ಸೊಸೆಯರಿಬ್ಬರನ್ನೂ ಕರೆದು ಹಿತ್ತಿಲ ಜಗಲಿಯ ಮೇಲೆ ಕುಳಿತೆವು. ಅಂದು ಅವರಿಗೆ ತೋರಿಸಿದುದನ್ನೇ ಈ ತಿಂಗಳು ನಮ್ಮ ವಾಚಕರ ಮುಂದೆ ಇಡುತ್ತೇವೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ಕೊಳವೆಬಾವಿಯನ್ನು ಸಾವಿರ ಅಡಿಗೂ ಮಿಗಿಲಾಗಿ ಇಳಿಸಿ ನೀರು ತೆಗೆಯುವ ಕಾಲವಿದು. ಅಂತಹ ನೀರನ್ನುಂಡು ಬೆಳೆದ ಬಳ್ಳಿಯನ್ನು ತಿಳಿಯದೆ ಕೀಳಿಸುವುದು ಸಣ್ಣ ನಷ್ಟವಲ್ಲ.

ಮೊದಲು ತಿಳಿಯಬೇಕಾದ ಸಂಗತಿಯೇನೆಂದರೆ, ಎಲ್ಲ ಗಿಡಗಳ ಹೂಗಳೂ ಒಂದೇ ರೀತಿಯವಲ್ಲ. ಕೋಲಾರದ ಮಾರುಕಟ್ಟೆಗೆ ಲಾರಿ ಲಾರಿಯಾಗಿ ಬರುವ ಟೊಮ್ಯಾಟೋ ಹಣ್ಣನ್ನು ಕೊಡುವ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಅಂಗಗಳು ಒಟ್ಟಿಗೇ ಇರುವುವು. ಶ್ರೀನಿವಾಸಪುರದ ಮಾವಿನ ಹೂಗೊಂಚಲನ್ನು ಪರೀಕ್ಷಿಸಿದರೆ, ಎರಡೂ ಅಂಗಗಳುಳ್ಳ ಹೂಗಳು ಕೆಲವು, ಬರಿಯ ಗಂಡುಹೂಗಳು ಕೆಲವು, ಒಂದೇ ಗೊಂಚಲಿನಲ್ಲಿ ಬೆರೆತು ಕಾಣುವುವು. ಕುಂಬಳ, ಸೋರೆ, ಹೀರೆ, ಹಾಗಲ, ಪಡವಲ, ಸೌತೆ ಮೊದಲಾದ ಬಳ್ಳಿಗಳ ಕುಲದಲ್ಲಿ ಗಂಡುಹೂವು ಬೇರೆ, ಹೆಣ್ಣುಹೂವು ಬೇರೆ. ಆದರೆ ಎರಡೂ ಒಂದೇ ಬಳ್ಳಿಯ ಮೇಲೆ ಬಿಡುವುವು. ಹೂಗಳಲ್ಲಿ ಗಂಡು ಹೆಣ್ಣೆಂಬ ಭೇದವುಂಟೆಂಬುದನ್ನು ಪ್ರಯೋಗದಿಂದ ಸಾಧಿಸಿ ತೋರಿಸಿದವನು ಜರ್ಮನಿಯ ಟ್ಯೂಬಿಂಗೆನ್ ನಗರದ ಕಮೆರಾರಿಯಸ್ ಎಂಬ ಪಂಡಿತ. 1694ರಲ್ಲಿ ಅವನು ಪ್ರಕಟಿಸಿದ ಪತ್ರದಲ್ಲಿ ನಮ್ಮ ರೇಷ್ಮೆಸೀಮೆಯವರಿಗೆ ಪರಿಚಯವಾದ ಹಿಪ್ಪುನೇರಳೆಯ ಮಾತೂ ಬರುತ್ತದೆ: ಗಂಡುಮರವು ಹತ್ತಿರವಿಲ್ಲದ ಹೆಣ್ಣುಮರದ ಹಣ್ಣುಗಳಲ್ಲಿ ಮೊಳೆಯುವ ಬೀಜವಿರಲಿಲ್ಲವೆಂದು ಅವನು ಕಂಡುಕೊಂಡನು.

ಈಗ ಕುಂಬಳದ ಹೂವಿಗೆ ಬರೋಣ. ದಳಗಳನ್ನು ನೋಡಿ ಜಾತಿಯನ್ನು ಹೇಳುವಂತಿಲ್ಲ. ಎರಡರಲ್ಲಿಯೂ ಐದು ದಳಗಳು ಬುಡದಲ್ಲಿ ಕೂಡಿಕೊಂಡು ಗಂಟೆಯ ಆಕಾರವಾಗಿರುವುವು. ಹೂವಿನ ಹಿಂಬದಿಯನ್ನು ನೋಡಬೇಕು. ಉದ್ದವಾದ ತೆಳ್ಳನೆಯ ತೊಟ್ಟಿನ ತುದಿಗೆ ಹೂವು ನೇರವಾಗಿ ನಿಂತಿದ್ದರೆ ಅದು ಗಂಡು. ತೊಟ್ಟು ಗಿಡ್ಡವಾಗಿ ದಪ್ಪವಾಗಿದ್ದು, ತೊಟ್ಟಿಗೂ ಹೂವಿಗೂ ನಡುವೆ ನೆಲ್ಲಿಕಾಯಿಯಷ್ಟು ಪುಟ್ಟ ಕುಂಬಳಕಾಯಿಯೇ ಕುಳಿತಿದ್ದರೆ ಅದು ಹೆಣ್ಣು. ಹೀರೆಯಲ್ಲಾದರೆ ಆ ಹೀಚು ಪುಟ್ಟ ಹೀರೆಯಂತೆ, ಹಾಗಲದಲ್ಲಾದರೆ ಮುಳ್ಳುಮುಳ್ಳಾದ ಪುಟ್ಟ ಹಾಗಲದಂತೆ ಇರುವುದು. ನಮ್ಮ ಕಡೆಯ ತೆಲುಗು ಮಾತಿನ ಮನೆಗಳಲ್ಲಿ ಇದನ್ನೇ ಪಿಂದೆ ಎನ್ನುವರು. ಹೂವು ಅರಳುವುದಕ್ಕೆ ಮೊದಲೇ ಕಾಯಿಯ ರೂಪವು ಹೀಗೆ ಸಿದ್ಧವಾಗಿರುವುದು ಈ ಕುಲದ ವಿಶೇಷ. ಮಿಕ್ಕ ಅನೇಕ ಗಿಡಗಳಲ್ಲಿ ಅಂಡಾಶಯವು ಹೂವಿನೊಳಗೆ ಅಡಗಿರುವುದು. ಇಲ್ಲಿ ಅದು ಹೂವಿನ ಕೆಳಗೆ ಎಲ್ಲರ ಕಣ್ಣಿಗೂ ಕಾಣುವಂತಿದೆ.

ಗಂಡುಹೂವಿನ ದಳಗಳನ್ನು ಸುಲಿದುಹಾಕಿದರೆ ನಡುವೆ ಒಂದು ಹಳದಿಯ ಕಂಬ ನಿಂತಿರುವುದು. ಅದು ಒಂದೇ ಅಂಗವೆಂದು ತೋರಿದರೂ ಒಂದಲ್ಲ. ಅದರ ಬುಡವನ್ನು ಬಿಡಿಸಿ ನೋಡಿದರೆ ಮೂರು ಕಾಲುಗಳು ಬೇರೆ ಬೇರೆಯಾಗಿ ಕಾಣುವುವು. ಈ ಕುಲದ ಪೂರ್ವರೂಪದಲ್ಲಿ ಐದು ಕೇಸರಗಳಿದ್ದು, ಎರಡೆರಡು ಕೂಡಿ ಎರಡು ಜೊತೆಗಳಾಗಿ, ಮಿಕ್ಕದ್ದೊಂದು ಒಂಟಿಯಾಗಿ ಉಳಿಯಿತೆಂದು ಸಸ್ಯಶಾಸ್ತ್ರಜ್ಞರು ತಿಳಿಯುವರು. ಸೌತೆಯ ಗಂಡುಹೂವಿನಲ್ಲಿ ಎರಡು ದೊಡ್ಡ ಕೇಸರ, ಒಂದು ಸಣ್ಣ ಕೇಸರ ಇರುವುದರ ಗುಟ್ಟು ಇದೇ. ಕುಂಬಳದಲ್ಲಿ ಇವೆಲ್ಲವೂ ಮೇಲ್ಭಾಗದಲ್ಲಿ ಒಂದಕ್ಕೊಂದು ಅಂಟಿಕೊಂಡು ಕಂಬವಾಗಿವೆ. ಕಂಬದ ಮೈಮೇಲೆ ಪರಾಗಕೋಶಗಳು ನೇರವಾಗಿರದೆ ಹಾವು ಹರಿದಂತೆ ಮೇಲಕ್ಕೆ ಹೋಗಿ ಕೆಳಕ್ಕೆ ಬಂದು ಮತ್ತೆ ಮೇಲಕ್ಕೆ ಹೋಗಿರುವುವು. ಸಣ್ಣ ಪೆಟ್ಟಿಗೆಯಲ್ಲಿ ಉದ್ದವಾದ ಹಗ್ಗವನ್ನು ಮಡಿಸಿಟ್ಟರೆ ಹೇಗೋ ಹಾಗೆ, ಅಲ್ಪವಾದ ಸ್ಥಳದಲ್ಲಿ ಇದರಿಂದ ಬಹಳ ಪರಾಗವು ಹಿಡಿಯುತ್ತದೆ. ಕಂಬದ ಮೂರು ಕಾಲುಗಳ ಕೆಳಗೆ ಒಂದು ಸಣ್ಣ ಬಟ್ಟಲು; ಅದೇ ಮಕರಂದದ ಪಾತ್ರೆ. ಕಾಲುಗಳ ನಡುವಣ ಸಂದುಗಳೇ ಅದಕ್ಕೆ ಬಾಗಿಲುಗಳು. ಜೇನುನೊಣವು ಆ ಸಂದಿನಲ್ಲಿ ನಾಲಗೆಯನ್ನಿಳಿಸಬೇಕಾದರೆ ಕಂಬಕ್ಕೆ ಮೈ ಉಜ್ಜದೆ ಉಪಾಯವಿಲ್ಲ.

ಕಂಬವನ್ನು ಬೆರಳಿನಿಂದ ಮುಟ್ಟಿದರೆ ಹಳದಿಯ ಪುಡಿ ಅಂಟುವುದು. ಕುಂಬಳದ ಪರಾಗವು ಪರಾಗಗಳಲ್ಲಿ ಬಹು ದೊಡ್ಡದು; ಒಂದೊಂದು ಕಣವೂ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಅಥವಾ ಅದಕ್ಕಿಂತ ಮಿಗಿಲು. ಕಣ್ಣು ಚುರುಕಾಗಿರುವವರಿಗೆ ಬೆರಳ ತುದಿಯಲ್ಲಿ ಕಾಳುಕಾಳಾಗಿ ಕಾಣುವುದು. ಅದರ ಮೈತುಂಬ ಮುಳ್ಳು, ಮೇಲೆ ಜಿಡ್ಡು. ಆದುದರಿಂದ ಜೋಳದ ಪರಾಗದಂತೆ ಇದು ಗಾಳಿಯಲ್ಲಿ ಹಾರದು. ಯಾರಾದರೂ ಹೊತ್ತುಕೊಂಡು ಹೋಗಲೇಬೇಕು.

ಇನ್ನು ಹೆಣ್ಣುಹೂವು. ಚೆನ್ನಾಗಿರುವ ಹೆಣ್ಣುಹೂವನ್ನು ಕೊಯ್ದರೆ ಒಂದು ಕಾಯಿ ನಷ್ಟ. ಆದುದರಿಂದ ಬಳ್ಳಿಯ ಕೆಳಗೆ ಉದುರಿಬಿದ್ದ ಹೀಚನ್ನೇ ಆರಿಸಿಕೊಳ್ಳತಕ್ಕದ್ದು. ಅಂದು ನಮಗೂ ಎಲೆಯ ಮರೆಯಲ್ಲಿ ಅಂತಹ ಎರಡು ಹೀಚುಗಳು ಸಿಕ್ಕಿದುವು. ಅಂದರೆ ಬಳ್ಳಿಯು ಹೆಣ್ಣುಹೂವನ್ನು ಬಿಟ್ಟೇ ಇದ್ದಿತು, ಯಾರೂ ನೋಡಿರಲಿಲ್ಲ. ಹೀಚನ್ನು ಅಡ್ಡಲಾಗಿ ಕೊಯ್ದರೆ ಮೂರು ಭಾಗಗಳು ಸ್ಪಷ್ಟವಾಗಿ ಕಾಣುವುವು. ಮೂರು ಎಲೆಗಳು ಅಂಚಿಗೆ ಅಂಚು ಕೂಡಿ ಒಂದು ಸಂಪುಟವಾದಂತೆ ಅದರ ರಚನೆ. ಅಂಚುಗಳು ಕೂಡಿದ ಎಡೆಗಳಿಂದ ತಿರುಳು ಒಳಕ್ಕೆ ಬೆಳೆದು ಮಧ್ಯದಲ್ಲಿ ಸಂಧಿಸಿ ಮತ್ತೆ ಹೊರಗಡೆಗೆ ಮಡಿಸಿಕೊಂಡಿರುವುದು. ಅದರ ಮೇಲೆ ಸಾಲುಸಾಲಾಗಿ ಬಿಳಿಯ ಅಂಡಕಗಳು ಕುಳಿತಿರುವುವು. ಇವೇ ಮುಂದೆ ಬೀಜಗಳಾಗತಕ್ಕವು. ಮೇಲ್ಗಡೆ ಹೂವಿನೊಳಗೆ ದಪ್ಪನೆಯ ಗಿಡ್ಡ ಶಲಾಕೆ. ಅದರ ತುದಿಯಲ್ಲಿ ಮೂರು ಶಲಾಕಾಗ್ರಗಳು, ಒಂದೊಂದೂ ಎರಡಾಗಿ ಸೀಳಿಕೊಂಡು ಹಸಿಹಸಿಯಾಗಿರುವುವು. ಶಲಾಕೆಯ ಬುಡದ ಸುತ್ತಲೂ ಉಂಗುರದಂತೆ ಮಕರಂದದ ಕಾಲುವೆ.

ಗಂಡುಹೂವಿನಿಂದ ಬಂದ ನೊಣವು ಈ ಉಂಗುರದ ಬಳಿಗೆ ಬರುವಾಗ ಮೈಗಂಟಿದ ಪರಾಗವು ಶಲಾಕಾಗ್ರಕ್ಕೆ ತಗಲುವುದು. ಅಲ್ಲಿ ಪ್ರತಿಯೊಂದು ಕಣವೂ ಮೊಳೆತು, ಕೂದಲಿಗಿಂತ ಸೂಕ್ಷ್ಮವಾದ ಒಂದು ನಾಳವನ್ನು ಶಲಾಕೆಯೊಳಗೆ ಇಳಿಬಿಟ್ಟು, ಕೆಳಗೆ ಒಂದು ಅಂಡಕವನ್ನು ಹೋಗಿ ಸೇರುವುದು. ಒಂದು ಬೀಜಕ್ಕೆ ಒಂದು ಕಣವು ಬೇಕೇ ಬೇಕು. ಕುಂಬಳದೊಳಗೆ ನೂರಾರು ಬೀಜಗಳಿರುವುದನ್ನು ಅಡಿಗೆಯ ಮನೆಯವರು ಬಲ್ಲರು. ಅಷ್ಟೂ ಬೀಜ ಕಟ್ಟಬೇಕಾದರೆ ಒಂದೆರಡು ನೊಣಗಳು ಒಂದೆರಡು ಸಲ ಬಂದುಹೋದರೆ ಸಾಲದು. ಸೌತೆಕಾಯಿಯು ಒಂದು ತುದಿಯಲ್ಲಿ ದಪ್ಪವಾಗಿ ಇನ್ನೊಂದು ತುದಿಯಲ್ಲಿ ಸಣಕಲಾಗಿ ಸೊಟ್ಟಗೆ ಬೆಳೆದಿದ್ದರೆ, ಪರಾಗವು ಸಾಲದೆ ಆ ಭಾಗದ ಬೀಜಗಳು ಕಟ್ಟಲಿಲ್ಲವೆಂದು ಎಷ್ಟೋ ವೇಳೆ ಅರ್ಥ. ಪರಾಗವು ಏನೂ ಬಾರದಿದ್ದರೆ ಹೀಚು ನಾಲ್ಕಾರು ದಿನಗಳಲ್ಲಿ ಹಳದಿಯಾಗಿ ಮುರುಟಿ ಉದುರುವುದು. ಕುಂಬಳದ ಹೀಚಿಗೆ ಬೆರಳು ತೋರಿಸಿದರೆ ಕೊಳೆಯುತ್ತದೆಂದು ನಮ್ಮ ಹಿರಿಯರು ಬೆರಳನ್ನು ಮಡಿಸಿ ತೋರಿಸುತ್ತಿದ್ದರು. ಬೆರಳಿನ ದೋಷವೇನೂ ಇಲ್ಲ. ಹಾಗೆ ಕೊಳೆಯುವ ಹೀಚುಗಳಲ್ಲಿ ಹೆಚ್ಚಿನವು ಪರಾಗ ಸೇರದವು.

ಇನ್ನೊಂದು ಅದ್ಭುತವನ್ನು ಹೇಳಬೇಕು. ಹೆಣ್ಣುಹೂವಿನ ಶಲಾಕೆಯ ಬುಡವನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೂರು ಸಣ್ಣ ಮೊಳೆಗಳು ಕಾಣುವುವು. ಅವು ಬೆಳೆಯದೆ ನಿಂತ ಕೇಸರಗಳು. ಗಂಡುಹೂವಿನ ನಡುವೆಯೂ ಬೆಳೆಯದೆ ನಿಂತ ಅಂಡಾಶಯದ ಕುರುಹು ಇರುವುದು. ಸೌತೆಯಂತಹ ಬಳ್ಳಿಗಳಲ್ಲಿ ಮೊಗ್ಗು ಸಾಸುವೆಗಿಂತಲೂ ಚಿಕ್ಕದಾಗಿರುವಾಗ ಎರಡೂ ಅಂಗಗಳು ಅದರಲ್ಲಿ ಮೊಳೆಯುವುವು. ಬಳಿಕ ಒಂದು ನಿಂತುಹೋಗಿ ಇನ್ನೊಂದು ಬೆಳೆಯುವುದು. ಅರ್ಧನಾರೀಶ್ವರನ ಮೂರ್ತಿಯನ್ನು ಕಲ್ಪಿಸಿದ ನಮ್ಮ ಪೂರ್ವಿಕರು ಈ ಮೊಗ್ಗನ್ನು ಕಂಡಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಯಾವುದು ನಿಲ್ಲಬೇಕು, ಯಾವುದು ಬೆಳೆಯಬೇಕೆಂಬುದನ್ನು ನಿರ್ಣಯಿಸುವುದರಲ್ಲಿ ಎಥಿಲೀನ್ ಎಂಬ ಅನಿಲಕ್ಕೆ ಮುಖ್ಯ ಪಾತ್ರವುಂಟು. ಶ್ರೀನಿವಾಸಪುರದ ಮಾವಿನಕಾಯಿಯು ಅಡೆಯಲ್ಲಿ ಹಣ್ಣಾಗುವುದೂ ಇದೇ ಅನಿಲದಿಂದ. ಎಳೆಯ ಹೆಣ್ಣುಮೊಗ್ಗಿನಲ್ಲಿ ಹುಟ್ಟುವ ಈ ಅನಿಲವೇ ಅಲ್ಲಿ ಕೇಸರಗಳ ಬೆಳವಣಿಗೆಯನ್ನು ತಡೆಯುವುದೆಂದು ಫ್ರಾನ್ಸಿನ ವಿಜ್ಞಾನಿಗಳ ತಂಡವು 2008ರಲ್ಲಿ ಕರ್ಬೂಜದ ಬಳ್ಳಿಯಲ್ಲಿ ತೋರಿಸಿತು.

ಮೊದಮೊದಲು ಬಿಡುವ ಹೂಗಳೆಲ್ಲ ಗಂಡಾಗಿರುವುದು ಸಾಮಾನ್ಯ. ಒಂದು ವಾರ, ಕೆಲವು ವೇಳೆ ಎರಡು ವಾರ ಕಳೆದ ಮೇಲೆ ಹೆಣ್ಣುಹೂಗಳು ಮೊದಲಾಗುವುವು. ಆಮೇಲೆಯೂ ಒಂದು ಹೆಣ್ಣುಹೂವಿಗೆ ಹತ್ತಾರು ಗಂಡುಹೂಗಳಿರುವುವು. ಬಿಸಿಲು ಬಲವಾಗಿ ಹಗಲು ದೀರ್ಘವಾಗಿದ್ದರೆ ಗಂಡುಹೂಗಳು ಹೆಚ್ಚುವುವು. ತಂಪು ಬಂದು ಹಗಲು ಕುಗ್ಗಿದರೆ ಹೆಣ್ಣುಹೂಗಳು ಹೆಚ್ಚುವುವು. ಸಗಣಿಗೊಬ್ಬರವನ್ನೂ ಯೂರಿಯವನ್ನೂ ಬುಡಕ್ಕೆ ಅತಿಯಾಗಿ ಸುರಿದರೆ ಬಳ್ಳಿಯು ಎಲೆ ಕುಡಿಗಳಲ್ಲಿಯೇ ಕೊಬ್ಬುವುದು. ಸೋರೆಯ ಬಳ್ಳಿಯಲ್ಲಿ ಮುಖ್ಯ ಕುಡಿಯನ್ನು ಚಿವುಟುವ ಪದ್ಧತಿಯುಂಟಷ್ಟೆ. ಪಕ್ಕದ ಕವಲುಗಳಲ್ಲಿ ಹೆಣ್ಣುಹೂ ಹೆಚ್ಚಾಗಿ ಬರುವುದರಿಂದ ಅದು ಯುಕ್ತವಾದ ಪದ್ಧತಿಯೇ.

ತೊಂಡೆ ಮತ್ತು ಮಡಹಾಗಲಗಳ ಸಂಸಾರ ಬೇರೆ. ಇವುಗಳಲ್ಲಿ ಗಂಡುಬಳ್ಳಿಯೇ ಬೇರೆ, ಹೆಣ್ಣುಬಳ್ಳಿಯೇ ಬೇರೆ. ಬೀಜವನ್ನು ಹಾಕಿ ಎಬ್ಬಿಸಿದ ತೊಂಡೆಯ ಸಸಿಗಳಲ್ಲಿ ಹೆಚ್ಚು ಕಡಿಮೆ ಅರ್ಧ ಗಂಡಾಗುವುದು. ಹೂ ಬಿಡುವವರೆಗೂ ಗುರುತು ತಿಳಿಯದು. ಆದುದರಿಂದಲೇ ರೈತರು ಹೆಣ್ಣುಬಳ್ಳಿಯ ಕಡ್ಡಿಯನ್ನು ನೆಡುವರು. ಮನುಷ್ಯರಲ್ಲಿರುವಂತೆ ತೊಂಡೆಯಲ್ಲಿಯೂ ಲಿಂಗವನ್ನು ನಿರ್ಣಯಿಸುವ ವರ್ಣತಂತುಗಳಿದ್ದು, ಗಂಡಿನದು ಉಳಿದವುಗಳಿಗಿಂತ ಎದ್ದುಕಾಣುವಷ್ಟು ದೊಡ್ಡದು. ಭಾರತದ ವಿಜ್ಞಾನಿಗಳು ಈ ವಿಷಯವನ್ನು ಪರಿಶೋಧಿಸಿ 1952ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಂಸ್ಕೃತ ಕವಿಗಳು ನಾಯಿಕೆಯ ತುಟಿಗೆ ಹೋಲಿಸುವ ಬಿಂಬಫಲವು ಈ ತೊಂಡೆಯ ಹಣ್ಣೇ. ಮಡಹಾಗಲವನ್ನು ಬೆಳೆಯುವವರು ಒಂಬತ್ತು ಹತ್ತು ಹೆಣ್ಣುಬಳ್ಳಿಗಳಿಗೆ ಒಂದು ಗಂಡುಬಳ್ಳಿಯನ್ನು ಇಟ್ಟುಕೊಳ್ಳುವರು. ಕಾಯಿ ಬಿಡದೆಂದು ಆ ಒಂದನ್ನೂ ಕಿತ್ತುಹಾಕಿದರೆ ಮಿಕ್ಕ ಬಳ್ಳಿಗಳ ಫಲವೂ ಹೋಗುವುದು.

ಹೂಗಳಿಗೆ ಒಂದೊಂದಕ್ಕೆ ಒಂದೊಂದು ವೇಳೆಯುಂಟು. ಕುಂಬಳವು ಮುಂಜಾನೆ ಅರಳಿ ಹತ್ತು ಗಂಟೆಯ ಹೊತ್ತಿಗೆ ಮುದುಡುವುದು. ಹಾಗಲ ಸೌತೆಗಳೂ ಬೆಳಗಿನವು. ಹೀರೆಯು ಸಂಜೆ ಅರಳುವುದು. ಬಿಳಿಯ ಹೂವಿನ ಸೋರೆ ಪಡವಲಗಳು ಇಳಿಹೊತ್ತಿನಿಂದ ರಾತ್ರಿಯವರೆಗಿನವು; ಅವುಗಳಿಗೆ ಪತಂಗಗಳೇ ಮುಖ್ಯ ಅತಿಥಿಗಳು. ಬೆಳಗಿನ ಹೂಗಳಿಗೆ ತುಡುವೆಜೇನು, ಹೆಜ್ಜೇನು, ಕೋಲುಜೇನುಗಳು ಬರುವುವು. 1991-92ರ ಸುಮಾರಿನಲ್ಲಿ ದಕ್ಷಿಣದೇಶದ ತುಡುವೆಜೇನುಗಳಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ತಗಲಿ ಗೂಡುಗೂಡುಗಳೇ ಬರಿದಾದುವು. ಅದರ ಮೇಲೆ ಹೂವು ಅರಳಿದ ಹೊತ್ತಿನಲ್ಲಿಯೇ ಔಷಧಿಯನ್ನು ಸಿಂಪಡಿಸಿದರೆ ನೊಣಗಳು ಉಳಿಯುವ ಬಗೆಯೆಂತು? ಸಿಂಪಡಿಸಲೇಬೇಕಾದವರು ಆ ಬಳ್ಳಿಯ ಹೂಗಳು ಮುಚ್ಚಿರುವ ಹೊತ್ತನ್ನು ನೋಡಿ ಸಿಂಪಡಿಸತಕ್ಕದ್ದು. ಪಾಲಿಹೌಸಿನಲ್ಲಿ ಬೆಳೆಯುವ ಸೌತೆಯಲ್ಲಿ ಬರಿಯ ಹೆಣ್ಣುಹೂಗಳೇ ಬಿಟ್ಟು ಪರಾಗವಿಲ್ಲದೆ ಕಾಯಿ ಕಟ್ಟುವ ತಳಿಗಳು ಬಂದಿರುವುವು. ಆದರೆ ನಮ್ಮ ಹಿತ್ತಿಲಿನ ಬಳ್ಳಿಗೆ ನೊಣವೇ ಗತಿ.

ನೊಣವು ಬಾರದಿದ್ದರೆ ಆ ಕೆಲಸವನ್ನು ಮನೆಯವರೇ ಮಾಡಬಹುದು. ಕುಂಬಳಕ್ಕೆ ಬೆಳಿಗ್ಗೆ ಆರರಿಂದ ಎಂಟು ಗಂಟೆಯೊಳಗೆ, ಆಗತಾನೇ ಅರಳಿದ ಒಂದು ಗಂಡುಹೂವನ್ನು ತೊಟ್ಟಿನ ಸಮೇತ ಕಿತ್ತು, ದಳಗಳನ್ನು ಸುಲಿದು, ಕಂಬವನ್ನು ಅಂದೇ ಅರಳಿದ ಹೆಣ್ಣುಹೂವಿನ ಮೂರು ಶಲಾಕಾಗ್ರಗಳಿಗೂ ಮೃದುವಾಗಿ ಸವರಬೇಕು. ಒಂದು ಗಂಡುಹೂವು ಎರಡು ಮೂರು ಹೆಣ್ಣುಹೂಗಳಿಗೆ ಸಾಕು. ಹೀರೆ ಸೋರೆಗಳಿಗೆ ಇದನ್ನು ಸಂಜೆ ಮಾಡತಕ್ಕದ್ದು. ಗಂಡುಹೂಗಳು ದಂಡವೆಂದು ಎಲ್ಲವನ್ನೂ ಪಲ್ಯಕ್ಕೆ ಕೊಯ್ಯಬೇಡಿ. ಮೂರರಲ್ಲಿ ಒಂದು ಪಾಲನ್ನಾದರೂ ಬಳ್ಳಿಯಲ್ಲಿ ಬಿಡಿ. ಹೀಚು ಉದುರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಉದುರಿದ ಹೀಚನ್ನು ಸೀಳಿದಾಗ ಒಳಗೆ ಬಿಳಿಯ ಹುಳುಗಳಿದ್ದರೆ ಅದು ಹಣ್ಣುನೊಣದ ಕೆಲಸ; ಅಂತಹವನ್ನು ತಿಪ್ಪೆಗೆಸೆಯದೆ ಆಳವಾಗಿ ಹೂಳಬೇಕು. ಹುಳುವಿಲ್ಲದೆ ಬರಿದೆ ಮುರುಟಿದ್ದರೆ ಪರಾಗದ ಕೊರತೆಯೆಂದು ತಿಳಿಯಬಹುದು. ಹೆಚ್ಚಿನ ಸಂದೇಹಗಳಿಗೆ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದವರನ್ನು ಕೇಳಬಹುದು.

ಇಂತಹ ವಿಷಯಗಳನ್ನು ಕನ್ನಡದಲ್ಲಿ ಹೇಳಲಾಗದೆಂದು ಯಾರೂ ತಿಳಿಯಬಾರದು. ಮುಳಬಾಗಿಲಿನಲ್ಲಿ 1887ರಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರ ಸುಪುತ್ರರಾದ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಗಳ ಒಳರಚನೆಯನ್ನೇ ಜೀವಮಾನದ ಅಧ್ಯಯನವಾಗಿ ಮಾಡಿಕೊಂಡು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಗಿಡಮರಗಳನ್ನು ಕುರಿತ ಅವರ ‘ಹಸುರು ಹೊನ್ನು’ ಎಂಬ ಗ್ರಂಥಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮನೆಯಲ್ಲಿ ಮಕ್ಕಳಿರುವವರು ಆ ಪುಸ್ತಕವನ್ನು ತಂದಿಡತಕ್ಕದ್ದು.

ಇನ್ನು ಮುಳಬಾಗಿಲ ಹಿತ್ತಿಲಿನ ಕಥೆ. ಇಷ್ಟನ್ನೂ ತೋರಿಸಿದ ಮೇಲೆ ನಾವು ಯಜಮಾನಿಯನ್ನು ಕುರಿತು, “ನೋಡಮ್ಮ, ನೀವು ಹದಿನೈದು ದಿನ ಕಂಡ ಹೂಗಳೆಲ್ಲ ಗಂಡುಹೂಗಳು. ಹೀಚು ಉದುರಿದುದು ಹೆಣ್ಣುಹೂವಿನ ದೋಷದಿಂದಲ್ಲ. ಅದಕ್ಕೆ ಪರಾಗ ತಲಪಲಿಲ್ಲ. ಬೈಗುಳವನ್ನು ಮಾತ್ರ ಹೆಣ್ಣೇ ಹೊತ್ತುಕೊಂಡಿತು” ಎಂದೆವು. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಬಳ್ಳಿಯ ಮಾತು ಬಳ್ಳಿಗೆ, ಮನುಷ್ಯರ ಮಾತು ಮನುಷ್ಯರಿಗೆ; ಒಂದರಿಂದ ಇನ್ನೊಂದನ್ನು ಸಾಧಿಸಲಾಗದೆಂಬುದನ್ನು ನಾವು ಬಲ್ಲೆವು. ಆದರೆ ಮಕ್ಕಳಾಗದಿರುವುದಕ್ಕೆ ಕಾರಣವು ಹೆಂಡತಿಯಲ್ಲಿರಬಹುದು, ಗಂಡನಲ್ಲಿರಬಹುದು, ಇಬ್ಬರಲ್ಲಿಯೂ ಇರಬಹುದು ಎಂದು ಇಂದಿನ ವೈದ್ಯರು ಇಬ್ಬರನ್ನೂ ಪರೀಕ್ಷಿಸುವರು. ನಾವು ಮಾತ್ರ ಹಳೆಯ ಮಾತನ್ನು ಹಳೆಯ ಕಡೆಗೇ ಎಸೆಯುತ್ತಿರುವೆವು.

ಮೂರನೆಯ ದಿನ ಬೆಳಿಗ್ಗೆ ಒಂದು ಹೆಣ್ಣುಹೂವು ಅರಳಿದ್ದಿತು. ಸೊಸೆಯು ನಮ್ಮನ್ನು ಕೂಗಿ, “ಮಾವನವರೇ, ಇದು ಹೆಣ್ಣು ತಾನೆ? ನಾನೇ ಸವರಲೇ?” ಎಂದು ಕೇಳಿದಳು. “ನೀನೇ ಸವರಮ್ಮ” ಎಂದೆವು. ಗಂಡುಹೂವನ್ನು ಹುಡುಕಿ ಕಿತ್ತು ತಂದುಕೊಟ್ಟವರು ಅತ್ತೆಯವರು.

ನವರಾತ್ರಿಯ ಸಮಯದಲ್ಲಿ ಆ ಮನೆಯಿಂದ ನಮಗೊಂದು ಸಿಹಿಗುಂಬಳ ಬಂದಿತು. ಬಳ್ಳಿಯಲ್ಲಿ ಇನ್ನೂ ನಾಲ್ಕು ಇವೆಯೆಂದು ತಂದವನು ಹೇಳಿದನು. ಆ ಮನೆಯ ಮತ್ತಾವ ಸಮಾಚಾರವನ್ನೂ ನಾವು ಅವನನ್ನು ಕೇಳಲಿಲ್ಲ. ಅದು ಕೇಳತಕ್ಕದ್ದೂ ಅಲ್ಲ. ಕಾಯಿಯ ಸಂಗಡ ಒಂದು ಕಾಗದದ ಪೊಟ್ಟಣದಲ್ಲಿ ತೊಳೆದು ಒಣಗಿಸಿದ ಬೀಜಗಳೂ ಇದ್ದುವು. ಅವನ್ನು ನಮ್ಮ ಹಿತ್ತಿಲಿನಲ್ಲಿ ಬರುವ ಮುಂಗಾರಿಗೆ ಹಾಕಬೇಕೆಂದಿರುತ್ತೇವೆ.